ಮಡಿಕೇರಿ ಮಳೆಯಲ್ಲಿ ನಗು, ಪಾಠ, ನಂಬಿಕೆ ಎಲ್ಲಿ ಹುಡುಕಲಿ?

ನಿಮ್ಮ ಪ್ರಶ್ನೆ ಓದಿದೆ. ಬ್ಯಾಂಕ್ ಕೆಲಸದ ಮೇಲೆ ಬಯಲುಸೀಮೆಯಿಂದ ಮಡಿಕೇರಿಗೆ ವರ್ಗವಾಗಿ ಬಂದಿದ್ದೀರಿ. ಜೂನ್‌ನಿಂದ ಬಿಸಿಲು ಕಂಡಿಲ್ಲ, ಬಟ್ಟೆ ಒಣಗುತ್ತಿಲ್ಲ. ಮನೆಯಿಂದ ಬ್ಯಾಂಕು, ಬ್ಯಾಂಕಿನಿಂದ ಮನೆ. ‘ಇಂಥ ದಿನಗಳಲ್ಲಿ ನಗು, ಕಲಿಯುವ ಪಾಠ, ದೇವರ ಮೇಲಿನ ನಂಬಿಕೆ ಎಲ್ಲಿ ಹುಡುಕೋದು? ಇಲ್ಲಿಯವರು ಹೇಗೆ ಇಷ್ಟು ಆರಾಮಾಗಿದ್ದೀರಿ?’ ಅಂತ ಕೇಳಿದ್ದೀರಿ.

ಆರಾಮಾಗಿ ಏನೂ ಇಲ್ಲ. ನಮ್ಮ ಬಟ್ಟೆಯೂ ಒಣಗಿಲ್ಲ. ಆದರೂ ಕೇಳಿದ್ದೀರಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಸುಂಟಿಕೊಪ್ಪದ ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಯ ಸೊಸೆ. ನಗು ಒಂದು ಕಡೆ, ಭಕ್ತಿ ಇನ್ನೊಂದು ಕಡೆ ಅಂತ ಬೇರೆ ಮಾಡಿ ಹುಡುಕಿದರೆ ಈ ಊರಲ್ಲಿ ಎರಡೂ ಸಿಗುವುದಿಲ್ಲ. ಇಲ್ಲಿ ಜನ ದೇವರ ಜೊತೆ ಚೌಕಾಸಿ ಮಾಡುತ್ತಾರೆ, ತಮಾಷೆ ಮಾಡುತ್ತಾರೆ, ಸಿಟ್ಟು ಬಂದರೆ ಬೈಯುತ್ತಾರೆ. ನಾನು ಕಂಡ ಭಕ್ತಿ ಜಾಸ್ತಿ ಇಂಥದ್ದೇ.

ನಿಮ್ಮನ್ನು ಕಾಡುತ್ತಿರುವ ಮಳೆಯನ್ನೇ ತೆಗೆದುಕೊಳ್ಳಿ. ಕಾಫಿ ತೋಟ ಇರುವ ಮನೆಗಳ ಅಂಗಳದಲ್ಲಿ ಸಾಮಾನ್ಯವಾಗಿ ಮಳೆ ಅಳೆಯುವ ಒಂದು ರೈನ್ ಗೇಜ್ ಇರುತ್ತದೆ. ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್. ಟಿವಿಯವರು ಮಿಲಿಮೀಟರ್‌ನಲ್ಲಿ ಹೇಳಿದರೆ ನಮ್ಮ ಮಾವನಿಗೆ ಅದು ಮಳೆ ಅಂತಲೇ ಅನಿಸುವುದಿಲ್ಲ. ಅವರು ಬೆಳಿಗ್ಗೆ ಕಾಫಿಗೂ ಮೊದಲು ಕೊಡೆ ಹಿಡಿದು ಹೋಗುತ್ತಾರೆ, ಗೇಜ್ ನೋಡುತ್ತಾರೆ, ಬಂದು ಡೈರಿಯಲ್ಲಿ ಬರೆಯುತ್ತಾರೆ. ಆಮೇಲೆ ಶುರು ಫೋನು.

‘ನಿಮ್ಮಲ್ಲಿ ಎಷ್ಟು?’

‘ಮೂರು ನಲವತ್ತು.’

‘ಅಷ್ಟೇನಾ? ನಮ್ಮಲ್ಲಿ ಮೂರು ಎಪ್ಪತ್ತು.’

ಇದರಿಂದ ಯಾರಿಗೂ ಮೂರು ಕಾಸಿನ ಲಾಭ ಇಲ್ಲ. ಜುಲೈನಲ್ಲಿ ಮಳೆ ಜಾಸ್ತಿಯಾದರೆ ಕಾಯಿ ಉದುರುತ್ತದೆ, ಗಿಡಕ್ಕೆ ಕೊಳೆರೋಗ ಬರುತ್ತದೆ. ಆದರೂ ಜಾಸ್ತಿ ಬಿದ್ದವರ ದನಿಯಲ್ಲಿ ಒಂದು ಗತ್ತು. ಪಕ್ಕದ ತೋಟದವರದ್ದು ಯಾವಾಗಲೂ ನಮಗಿಂತ ಸ್ವಲ್ಪ ಮುಂದೆ. ಅವರು ಗೇಜನ್ನು ಮಾಡಿನ ನೀರು ಬೀಳುವ ಕಡೆ ಇಟ್ಟಿದ್ದಾರೆ ಅಂತ ಮಾವನಿಗೆ ಬಲವಾದ ಅನುಮಾನ. ಅದಕ್ಕೇ ಈಗೀಗ ಅವರ ಲೆಕ್ಕ ಮೊದಲು ಕೇಳಿ, ಆಮೇಲೆ ನಮ್ಮದನ್ನು ಹೇಳುತ್ತಾರೆ. ಡೈರಿಯಲ್ಲಿ ಮಾತ್ರ ಸುಳ್ಳು ಬರೆಯುವುದಿಲ್ಲ.

ಮಾರ್ಚ್‌ನಲ್ಲಿ ನೋಡಬೇಕು ಇದೇ ಮಾವನನ್ನು. ರೊಬಸ್ಟಾ ಗಿಡಗಳಲ್ಲಿ ಮೊಗ್ಗು ಕಾದು ನಿಂತಿರುತ್ತದೆ. ಹೂಮಳೆ ಬರಬೇಕು. ಇಂಚಿನ ಹತ್ತಿರ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬಿಳಿ. ಸುಮ್ನೆ ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗು ಅರೆಬರೆ ಅರಳಿ ಹಾಳು. ಹೂ ಅರಳಿದ ದಿನ ಮಳೆ ಬರಬಾರದು, ಪರಾಗ ತೊಳೆದುಹೋಗುತ್ತದೆ. ಆದರೆ ಕೆಲವು ವಾರ ಬಿಟ್ಟು ಮತ್ತೊಂದು ಮಳೆ ಬರಲೇಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಇನ್ನು ಜನವರಿಯಲ್ಲಿ ಕೊಯ್ದ ಕಾಫಿ ಕಣದಲ್ಲಿ ಒಣಗುತ್ತಿರುವಾಗ ಒಂದು ಹನಿಯೂ ಬೇಡ. ಇಷ್ಟು ಷರತ್ತು ಹಾಕಿ ಮಾವ ದೇವರ ಮುಂದೆ ನಿಂತು ಹರಕೆ ಹೇಳಿಕೊಳ್ಳುತ್ತಾರೆ. ಅತ್ತೆ ಒಳಗಿನಿಂದಲೇ, ‘ದೇವರಿಗೆ ನಿಮ್ಮದೊಂದೇ ತೋಟ ಇರೋದಾ?’ ಅಂತ ಕೇಳುತ್ತಾರೆ. ರಸ್ತೆಯ ಆ ಬದಿಗೆ ಮಳೆ ಬಂದು ಈ ಬದಿಗೆ ಬರದ ವರ್ಷಗಳೂ ಇವೆ. ಆಗ ಮಾವನಿಗೆ ಆ ಬದಿಯವರು ಏನು ಹರಕೆ ಹೊತ್ತಿದ್ದರು ಅಂತ ತಿಳಿದುಕೊಳ್ಳುವ ಆಸೆ. ಕೆರೆ, ಸ್ಪ್ರಿಂಕ್ಲರ್ ಇರುವವರಿಗೆ ಈ ತಾಪತ್ರಯ ಇಲ್ಲ. ಅವರದ್ದು ದೇವರ ಖರ್ಚು ಕಡಿಮೆ, ಡೀಸೆಲ್ ಖರ್ಚು ಜಾಸ್ತಿ.

ನಗುತ್ತಿದ್ದೇನೆ ನಿಜ. ಆದರೆ ಇಡೀ ವರ್ಷದ ಸಂಪಾದನೆ ನಿಂತಿರುವುದು ಆ ಒಂದು ಇಂಚಿನ ಮೇಲೆ. ನಮ್ಮ ಕೈಯಲ್ಲಿ ಇಲ್ಲದ ವಿಷಯಕ್ಕೆ ಎಷ್ಟು ದಿನ ಅಂತ ಮುಖ ಊದಿಸಿಕೊಂಡು ಕೂರೋದು? ನಗು ಅಲ್ಲಿಂದ ಬರುತ್ತದೆ ಅನಿಸುತ್ತದೆ. ಹರಕೆಯೂ ಅಲ್ಲಿಂದಲೇ.

ದೇವರನ್ನು ಬೈಯುತ್ತಾರೆ ಅಂದೆನಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ಗೋಣಿಕೊಪ್ಪದ ಕಡೆ ಹೋಗಿ. ಅಲ್ಲಿ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಹೆಸರೇ ಸಭ್ಯ ಅಲ್ಲ, ಹಾಡು ಇನ್ನೂ ಅಲ್ಲ. ಮಕ್ಕಳ ಜೊತೆ ಹೋಗುವವರು ಯೋಚನೆ ಮಾಡಿ. ಜೇನು ಕುರುಬ, ಯರವ ಬುಡಕಟ್ಟಿನವರು, ತೋಟಗಳಲ್ಲಿ ಕೂಲಿ ಮಾಡುವವರು ಬಣ್ಣ ಬಳಿದುಕೊಂಡು, ಗಂಡಸರು ಹೆಂಗಸರ ಬಟ್ಟೆ ಹಾಕಿಕೊಂಡು, ಪ್ಲಾಸ್ಟಿಕ್ ಡಬ್ಬ, ಡ್ರಮ್ಮು ಬಡಿಯುತ್ತಾ ರಸ್ತೆಗೆ ಇಳಿಯುತ್ತಾರೆ. ಗಾಡಿ ನಿಲ್ಲಿಸಿ ದುಡ್ಡು ಕೇಳುತ್ತಾರೆ. ಎದುರು ಸಿಕ್ಕವರಿಗೆಲ್ಲ ಬೈಗುಳ. ಎಲ್ಲರಿಗಿಂತ ಜಾಸ್ತಿ ಬೈಸಿಕೊಳ್ಳುವವನು ದೇವರು.

ಕಥೆ ಹೀಗಿದೆ. ಅಯ್ಯಪ್ಪ ದೇವರು ಕಾಡಿನ ಜನರನ್ನು ಜೊತೆಗೆ ಕರೆದುಕೊಂಡು ಬಂದನಂತೆ. ದಾರಿಯಲ್ಲಿ ಭದ್ರಕಾಳಿ ಸಿಕ್ಕಳು. ಆಕೆಯ ಹಿಂದೆ ಹೋದವನು ಜೊತೆಗಿದ್ದವರನ್ನು ಮರೆತೇಬಿಟ್ಟ. ಆ ಸಿಟ್ಟು ಇವತ್ತಿನವರೆಗೂ ಆರಿಲ್ಲ. ವರ್ಷಕ್ಕೊಮ್ಮೆ ಬಾಯ್ತುಂಬ ಬೈದು, ಕೊನೆಗೆ ದೇವಸ್ಥಾನಕ್ಕೆ ಹೋಗಿ ‘ತಪ್ಪಾಯ್ತು’ ಅಂತ ಬೇಡಿಕೊಂಡು ಮನೆಗೆ ಹೋಗುತ್ತಾರೆ.

ಹೊರಗಿನವರು ಇದನ್ನು ವಿಚಿತ್ರ ಹಬ್ಬ ಅಂತ ವಿಡಿಯೋ ಮಾಡಿ ಹಾಕುತ್ತಾರೆ. ನನಗೆ ವಿಚಿತ್ರ ಅನಿಸುವುದು ಉಳಿದ ದಿನಗಳೇ. ವರ್ಷವಿಡೀ ತೋಟದ ಮಾಲೀಕರ ಮುಂದೆ ತಲೆ ತಗ್ಗಿಸಿ ‘ಆಯ್ತು’ ಅನ್ನುವವರು ಆ ಒಂದು ದಿನ ಮಾಲೀಕನ ಜೀಪು ತಡೆದು ನಾಲ್ಕು ಮಾತು ಅನ್ನಬಹುದು. ಮಾಲೀಕ ನಗುತ್ತಾ ಕೇಳಿಸಿಕೊಂಡು ದುಡ್ಡು ಕೊಡಬೇಕು. ಒಂದು ದಿನ ಸಾಕಾ ಅನ್ನುವುದು ಬೇರೆ ಪ್ರಶ್ನೆ, ನನ್ನನ್ನು ಕೇಳಿದರೆ ಸಾಲದು. ದೇವರ ವಿಷಯಕ್ಕೆ ಬಂದರೆ, ಕೇಳಿಸಿಕೊಳ್ಳುವವನು ಅಲ್ಲಿ ಇದ್ದಾನೆ ಅನ್ನುವ ಗಟ್ಟಿ ನಂಬಿಕೆ ಇಲ್ಲದೆ ಯಾರೂ ಅಷ್ಟು ಗಂಟಲು ಹರಿದುಕೊಂಡು ಬೈಯುವುದಿಲ್ಲ ಅಲ್ವಾ?

ಇನ್ನು ನಿಮಗೆ ತುರ್ತಾಗಿ ಹೇಳಬೇಕಾದ ವಿಷಯ ಒಂದಿದೆ. ಆಗಸ್ಟ್ 3 ಬರುತ್ತಿದೆ. ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅರೆಭಾಷೆ ಮಾತಾಡುವ ನಮ್ಮ ಮನೆಯವರಿಗೆ ಅದೇ ಆಟಿ ಹದಿನೆಂಟು. ಆ ದಿನಕ್ಕೆ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆ ಬಣ್ಣ. ಆ ರಸದಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ನಿಮ್ಮ ಜೊತೆ ಕೆಲಸ ಮಾಡುವ ಯಾರಾದರೂ ಡಬ್ಬಿಯಲ್ಲಿ ತಂದೇ ತರುತ್ತಾರೆ. ಖಂಡಿತ ತಿನ್ನಿ. ಆದರೆ ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಗಾಬರಿ ಬೇಡ.

ನಮ್ಮ ನಾದಿನಿಯ ಗಂಡ ಹಾವೇರಿ ಕಡೆಯವರು. ಮದುವೆಯಾದ ವರ್ಷ ಆಟಿಗೆ ಬಂದಿದ್ದರು. ಪಾಯಸ ಎರಡು ಸಲ ಹಾಕಿಸಿಕೊಂಡರು. ಬಣ್ಣದ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ಮರೆತು ಅಲ್ಲ, ಬೇಕಂತಲೇ. ಮರುದಿನ ಬೆಳಿಗ್ಗೆ ಮುಖ ಸಣ್ಣಗಾಗಿತ್ತು. ಒಳ್ಳೆ ಲ್ಯಾಬ್ ಎಲ್ಲಿದೆ ಅಂತ ನನ್ನ ಗಂಡನನ್ನು ಕೇಳಿದರು. ಯಾಕೆ ಅಂದರೆ ಸುಮ್ನೆ ಅಂದರು. ಕೊನೆಗೆ ಮಾವನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ, ‘ಮಾವ, ನನಗೇನೋ ಆಗಿದೆ’ ಅಂದರಂತೆ. ಮಾವ ಒಂದು ಚೂರೂ ನಗದೆ, ‘ಹೌದಾ? ಎಷ್ಟು ಕೆಂಪು?’ ಅಂತ ಕೇಳಿದರಂತೆ. ಅಡುಗೆಮನೆಯ ಕಿಟಕಿಯಲ್ಲಿ ನಾವೆಲ್ಲ ಇದ್ದೆವು. ಅವತ್ತಿನಿಂದ ಅವರು ಈ ಮನೆಯವರಾದರು. ಈಗ ಹೊಸಬರು ಯಾರಾದರೂ ಬಂದರೆ ಪಾಯಸ ಬಡಿಸಲು ಅವರೇ ಮುಂದೆ.

ಪಾಠದ ಬಗ್ಗೆಯೂ ಕೇಳಿದ್ದೀರಿ. ಇದರಲ್ಲಿ ನನಗೆ ಆಸಕ್ತಿ ಕಡಿಮೆ. ನಡೆದದ್ದಕ್ಕೆಲ್ಲ ಒಂದು ನೀತಿ ಹಚ್ಚುವುದು ನನಗೆ ಸೇರುವುದಿಲ್ಲ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಸೂರ್ಯೋದಯದ ಚಿತ್ರ, ಕೆಳಗೆ ಒಂದು ಹಿತವಚನ. ಸೂರ್ಯನೇ ಕಾಣದ ಊರಿಗೆ ಅದನ್ನು ಕಳಿಸುತ್ತಾರೆ. ಮೊನ್ನೆ ರಾತ್ರಿ ಆನೆ ಬಂದು ನಮ್ಮ ಬಾಳೆ ಮುರಿದು, ಬೇಲಿ ತುಳಿದು, ಹಲಸು ತಿಂದು ಹೋಯಿತು. ಇದರಲ್ಲಿ ಪಾಠ ಏನು? ಹಲಸು ಹಣ್ಣಾಗುವ ಮೊದಲೇ ಇಳಿಸಿಬಿಡಬೇಕು, ಅಷ್ಟೇ.

ಒಂದು ಮಾತ್ರ ಕಲಿತಿದ್ದೇನೆ, ಅದನ್ನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರಿನ ಕಡೆ ಗುಡ್ಡ ಕುಸಿದದ್ದು ನೀವು ಟಿವಿಯಲ್ಲಿ ನೋಡಿರಬಹುದು. ಮನೆ, ಗದ್ದೆ, ತೋಟ ಮಣ್ಣಿನಲ್ಲಿ ಹೋಯಿತು. ಜೀವಗಳೂ ಹೋದವು. ನಾವು ಕೆಲವರು ಒಂದು ಪರಿಹಾರ ಕೇಂದ್ರದಲ್ಲಿ ಅಡುಗೆಗೆ ನಿಂತಿದ್ದೆವು. ಹೊರಗಿನ ಊರುಗಳಿಂದ ಬಟ್ಟೆ ರಾಶಿ ರಾಶಿ ಬಂದಿತ್ತು. ಮನೆ ಕಳೆದುಕೊಂಡ ಒಬ್ಬರು ಅಜ್ಜಿ, ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಕಂಡವರಲ್ಲ. ಅವರಿಗೆ ಸಿಕ್ಕಿದ್ದು ದೊಡ್ಡ ದೊಡ್ಡ ಹೂವಿನ ನೈಟಿ. ಹಾಕಿಕೊಂಡು ಸಾಲಿನ ಮಧ್ಯೆ ನಡೆದು ಬಂದು, ‘ಮನೆ ಹೋಯ್ತು, ಫ್ಯಾಷನ್ ಬಂತು’ ಅಂದರು. ಒಂದು ಕ್ಷಣ ಯಾರಿಗೂ ನಗಲು ಧೈರ್ಯ ಇಲ್ಲ. ಅವರೇ ನಕ್ಕರು, ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು. ಅದೇ ಮಾತು ನಾನು ಆಡಿದ್ದರೆ ಹೊಡೆಯಬೇಕಿತ್ತು. ಕಳೆದುಕೊಂಡವರು ಮೊದಲು ನಗಬೇಕು, ಉಳಿದವರು ಆಮೇಲೆ. ಹೊರಗಿನಿಂದ ಬಂದು ‘ಎಲ್ಲ ಒಳ್ಳೇದಕ್ಕೇ’ ಅನ್ನುವವರಿಗೂ ಇದೇ ನಿಯಮ ಇದ್ದರೆ ಚೆನ್ನಾಗಿತ್ತು.

ಸಂಜೆ ಅದೇ ಅಜ್ಜಿ ಕಾವೇರಮ್ಮನನ್ನು ಬಾಯಿಗೆ ಬಂದ ಹಾಗೆ ಬೈದರು. ಬೈದು ಮುಗಿಸಿ, ಕೈ ಮುಗಿದು ಮಲಗಿದರು. ಅಕ್ಟೋಬರ್‌ನಲ್ಲಿ ತೀರ್ಥ ತರಲು ತಲಕಾವೇರಿಗೂ ಹೋದರಂತೆ.

ನೀವು ಏನು ಮಾಡಬಹುದು ಅಂದರೆ, ಮೊದಲು ಒಂದು ರೈನ್ ಗೇಜ್ ತೆಗೆದುಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ಬಾಡಿಗೆ ಮನೆಯ ತಾರಸಿಯಲ್ಲಿಟ್ಟರೂ ಆಗುತ್ತದೆ. ಬ್ಯಾಂಕಿಗೆ ಬರುವ ಬೆಳೆಗಾರರಿಗೆ ‘ನಮ್ಮಲ್ಲಿ ಎರಡು ಅರವತ್ತು, ನಿಮ್ಮಲ್ಲಿ ಎಷ್ಟು?’ ಅಂತ ಕೇಳಿ ನೋಡಿ. ಅರ್ಧ ಗಂಟೆ ಕೌಂಟರ್ ಬಿಟ್ಟು ಹೋಗುವುದಿಲ್ಲ. ಶುಕ್ರವಾರದ ಸಂತೆಗೆ ಹೋಗಿ. ಮಳೆ ನಿಲ್ಲಲಿ ಅಂತ ಕಾಯಬೇಡಿ, ಇಲ್ಲಿ ಯಾರೂ ಕಾಯುವುದಿಲ್ಲ.

ನಂಬಿಕೆ ನನಗೆ ಬರುತ್ತಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೆ ನನ್ನ ಗಂಡನ ವಿಷಯ ಹೇಳಬಹುದು. ಅವರು ದೇವರನ್ನು ನಂಬುವುದಿಲ್ಲ, ನಂಬುವುದಿಲ್ಲ ಅಂತ ಮಾವನ ಎದುರೇ ಹೇಳುತ್ತಾರೆ. ಆದರೆ ಅಕ್ಟೋಬರ್ ನಡುವೆ ತುಲಾ ಸಂಕ್ರಮಣ ಬಂದರೆ ಮನೆಯವರನ್ನೆಲ್ಲ ಗಾಡಿಯಲ್ಲಿ ತುಂಬಿಸಿಕೊಂಡು ತಲಕಾವೇರಿಗೆ ಕರೆದುಕೊಂಡು ಹೋಗುವುದು ಅವರೇ. ಅಲ್ಲಿ ಕಾವೇರಿ ಹುಟ್ಟುವ ಪುಟ್ಟ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಗಳಿಗೆಯನ್ನು ಮೊದಲೇ ಗುಣಿಸಿ ತಿಳಿಸಿರುತ್ತಾರೆ. ಕೆಲವು ವರ್ಷ ನಡುರಾತ್ರಿ, ಕೆಲವು ವರ್ಷ ಮುಂಜಾನೆ. ಎಷ್ಟು ಹೊತ್ತಾದರೂ ಸರಿ, ಇವರು ಬರುತ್ತಾರೆ. ಮೇಲೆ ಬರುವುದಿಲ್ಲ, ಚಳಿಯಲ್ಲಿ ಗಾಡಿಯ ಹತ್ತಿರವೇ ನಿಲ್ಲುತ್ತಾರೆ. ನಾವು ಕ್ಯಾನ್ ತುಂಬಿಸಿಕೊಂಡು ನೂಕುನುಗ್ಗಲಿನಲ್ಲಿ ನೆನೆದು ಇಳಿದು ಬಂದರೆ ಮೊದಲು ಕೇಳುವುದು, ‘ಟೈಮಿಗೆ ಸರಿಯಾಗಿ ಬಂತಾ?’ ಬಂತು ಅಂದರೆ ತಲೆ ಆಡಿಸಿ, ಕೈ ಒಡ್ಡಿ, ತಮ್ಮ ಪಾಲಿನ ತೀರ್ಥ ತೆಗೆದುಕೊಂಡು ಗಾಡಿ ಸ್ಟಾರ್ಟ್ ಮಾಡುತ್ತಾರೆ.

ಈ ಸಲ ನೀವೂ ಬನ್ನಿ. ಮೇಲೆ ಹೋಗಬೇಕು ಅನಿಸದಿದ್ದರೆ ಅವರ ಜೊತೆ ನಿಲ್ಲಬಹುದು. ಫ್ಲಾಸ್ಕ್‌ನಲ್ಲಿ ಕಾಫಿ ಇರುತ್ತದೆ, ಸ್ವೆಟರ್ ಮಾತ್ರ ನಿಮ್ಮದು ನೀವು ತನ್ನಿ.