ಅಂಜಲ್ ಫ್ರೈ: ಮಸಾಲೆ ಕಾವಲಿಗೆ ಅಂಟದಿರಲು

ಮಗುಚುವಾಗ ಮಸಾಲೆಯೆಲ್ಲ ಕಾವಲಿಯಲ್ಲೇ ಉಳಿದು ಅಂಜಲ್ ಮೀನಿನ ತುಂಡು ಬೋಳಾಗಿ ಬರುತ್ತದೆ, ತಿಂದರೆ ಹತ್ತಿಯ ಹಾಗಿರುತ್ತದೆ ಎಂದು ಬರೆದಿದ್ದೀರಿ. ಮಸಾಲೆಯನ್ನು ದೂರಬೇಡಿ. ಮೀನಿನಲ್ಲಿ ನೀರು ಉಳಿದಿದೆ, ನಿಮಗೆ ಅವಸರವೂ ಆಗಿದೆ.

ಮೊದಲು ಹತ್ತಿಯ ವಿಷಯ. ತುಂಡನ್ನು ಸುಮಾರು 2 ಸೆಂ.ಮೀ. ದಪ್ಪಕ್ಕೆ ಕತ್ತರಿಸಲು ಹೇಳಿ. ತೆಳ್ಳಗಿದ್ದರೆ ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೆ ಒಣಗಿರುತ್ತದೆ.

ತೊಳೆದ ತುಂಡಿಗೆ ಉಪ್ಪು, ಅರಿಶಿನ ಸವರಿ 15 ನಿಮಿಷ ಬಿಡಿ. ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಅದನ್ನು ಚೆಲ್ಲಿ, ತುಂಡನ್ನು ಬಟ್ಟೆಯಿಂದ ಒತ್ತಿ ಒರೆಸಿ. ಈ ಒಂದು ಕೆಲಸ ಬಿಟ್ಟು ನಾನು ವರ್ಷಗಟ್ಟಲೆ ಕಾವಲಿಯನ್ನು ಬೈದಿದ್ದೇನೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹೆಪ್ಪುಗಟ್ಟಿಸಿಟ್ಟ ಮೀನು ಕೊಂಡಿದ್ದರೆ ಎರಡು ಸಲ ಒರೆಸಿ.

ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿಯನ್ನು ಹುಣಸೆರಸದಲ್ಲೇ ರುಬ್ಬಿ, ಬೇರೆ ನೀರು ಬೇಡ. ಸವರಿದ ಮಸಾಲೆಯ ಮೇಲೆ ಬೆರಳಾಡಿಸಿದರೆ ಗೆರೆ ಹಾಗೇ ನಿಲ್ಲಬೇಕು. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಇಟ್ಟರೆ ಹುಣಸೆಯ ಹುಳಿಗೆ ಮೀನಿನ ಮೇಲ್ಪದರ ಮೆತ್ತಗಾಗುತ್ತದೆ. ರವೆ ಹೊರಳಿಸಿದರೆ ಅಂಟುವುದು ಕಡಿಮೆ, ನಿಜ. ಆದರೆ ನನಗೆ ಬಾಯಿಗೆ ರವೆಯೇ ಸಿಗುತ್ತದೆ.

ಈಗ ಕಾವಲಿ. ದೋಸೆ ಹೊಯ್ದು ಪಳಗಿದ ಕಬ್ಬಿಣದ್ದೇ ಆಗಲಿ. ಎಣ್ಣೆ ಹಾಕುವ ಮೊದಲು ನೀರು ಚಿಮುಕಿಸಿ; ಹನಿಗಳು ಗುಂಡಾಗಿ ಓಡಾಡಿದರೆ ಕಾದಿದೆ. ನೀರು ಆರಿದ ಮೇಲೆ ಎರಡು ಚಮಚ ತೆಂಗಿನೆಣ್ಣೆ, ಒಂದೆಸಳು ಕರಿಬೇವು, ನಂತರ ಮೀನು. ಉರಿಯನ್ನು ಮಧ್ಯಮಕ್ಕೆ ಇಳಿಸಿ. ಒಂದೇ ಸಲ ಆರು ತುಂಡು ತುಂಬಿದರೆ ಕಾವಲಿ ತಣಿದು ಮೀನು ಬೇಯುತ್ತದೆಯೇ ಹೊರತು ಕರಿಯುವುದಿಲ್ಲ.

ಇನ್ನು ಕೈ ಕಟ್ಟಿ ನಿಲ್ಲಿ. ಹಸಿ ಮೀನು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಅಡಿ ಗರಿಗರಿಯಾದ ಮೇಲೆ ತಾನೇ ಬಿಡುತ್ತದೆ. ತುಂಡಿನ ಅಂಚನ್ನು ನೋಡುತ್ತಿರಿ: ಮಸಾಲೆಯ ಸಂದಿನಲ್ಲಿ ಗಾಜಿನಂತಿದ್ದ ಮಾಂಸ ಕೆಳಗಿನಿಂದ ಬೆಳ್ಳಗಾಗುತ್ತ ಏರುತ್ತದೆ. ಅರ್ಧಕ್ಕೆ ಬಂದಾಗ, ಸುಮಾರು ನಾಲ್ಕು ನಿಮಿಷಕ್ಕೆ, ಸಟ್ಟುಗ ತೂರಿಸಿ. ತಡೆದರೆ ಎಬ್ಬಬೇಡಿ, ಅರ್ಧ ನಿಮಿಷ ಕಾಯಿರಿ. ಮಗುಚಿದ ಮೇಲೆ ಮೂರು ನಿಮಿಷ. ನಡುಮುಳ್ಳಿನ ಬಳಿ ಚಮಚದ ತುದಿ ಒತ್ತಿದಾಗ ಮಾಂಸ ಸಲೀಸಾಗಿ ಬಿಟ್ಟರೆ ಇಳಿಸಿಬಿಡಿ.

ಕಾವಲಿಯನ್ನು ತೊಳೆಯಲು ಹಾಕಬೇಡಿ. ಉಳಿದ ಎಣ್ಣೆ, ಕರಿಬೇವು, ಉದುರಿದ ಮಸಾಲೆಗೆ ಎರಡು ಹಿಡಿ ಕುಚ್ಚಲಕ್ಕಿ ಅನ್ನ ಹಾಕಿ ಹೊರಳಿಸಿ. ನಮ್ಮ ಮನೆಯಲ್ಲಿ ಮೀನಿಗಿಂತ ಅದಕ್ಕೇ ಜಗಳ.