ಪ್ರತಿಕ್ರಿಯೆ: ಹಳದಿ–ಕಡುನೀಲಿ ಲೋಗೊ, ಸೈಟಿಗೆ ಯಾವ ಬಣ್ಣ ಎಲ್ಲಿ?
ಲೋಗೊದ ಹಳದಿ, ಕಡುನೀಲಿ ಎರಡನ್ನೂ ಸೈಟಿನ ತುಂಬ ಬಳಸಿದ್ದೀರಿ, ಈಗ ಹಳದಿ ಬಟನ್ ಮೇಲಿನ ಬಿಳಿ ಅಕ್ಷರ ಓದಲಾಗುತ್ತಿಲ್ಲ ಅಂದಿದ್ದೀರಿ. ತಪ್ಪು ಹಳದಿಯದಲ್ಲ, ಜೋಡಿಯದು. ಅಚ್ಚ ಹಳದಿಯ ಮೇಲೆ ಬಿಳಿ ಇಟ್ಟರೆ ಕಾಂಟ್ರಾಸ್ಟ್ (ಎರಡು ಬಣ್ಣಗಳ ಹೊಳಪಿನ ಅನುಪಾತ) ಬರೀ 1.07:1, ಸೈಟು ಎಲ್ಲರಿಗೂ ಬಳಸಲು ಸಿಗುವಂತಿರಲು ಮಾಡಿದ ಮಾರ್ಗಸೂಚಿ ಡಬ್ಲ್ಯುಸಿಎಜಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಬೇಕು. ಅದೇ ಬಟನ್ ಮೇಲೆ ಕಡುನೀಲಿಯಲ್ಲಿ ಬರೆಯಿರಿ, ಎದ್ದು ಕಾಣುತ್ತದೆ. ಹಳದಿಯನ್ನು ಬಟನ್‌ಗಷ್ಟೇ ಮೀಸಲಿಡಿ. ಎಲ್ಲೆಡೆ ಬಳಿದರೆ ಎಲ್ಲಿ ಒತ್ತಬೇಕೆಂದೇ ತಿಳಿಯುವುದಿಲ್ಲ. ಶೀರ್ಷಿಕೆ, ಲಿಂಕ್‌ಗೆ ಕಡುನೀಲಿ, ಹಿನ್ನೆಲೆ ಬಿಳಿ.

ಇನ್ನೊಂದು ಮಾತು. ಬಣ್ಣದ ಕೋಡನ್ನು ಜೆಪೆಗ್‌ನಿಂದ ಹೆಕ್ಕಬೇಡಿ, ಕಂಪ್ರೆಷನ್‌ನಿಂದಾಗಿ ಅಂಚಿನ ಪಿಕ್ಸೆಲ್‌ಗಳ ಬಣ್ಣ ಕದಡಿರುತ್ತದೆ. ಲೋಗೊ ಮಾಡಿಕೊಟ್ಟವರಿಂದ ಎಸ್‌ವಿಜಿ ಫೈಲ್ (ಬಣ್ಣದ ಕೋಡನ್ನು ನೇರವಾಗಿ ಬರೆದಿಟ್ಟಿರುವ ಚಿತ್ರ) ಕೇಳಿ ಪಡೆಯಿರಿ. ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಪುಟ್ಟ ಚಿತ್ರವಾದ ಫೆವಿಕಾನ್‌ಗೆ ಇಡೀ ಲೋಗೊ ತುರುಕಬೇಡಿ: 16 ಪಿಕ್ಸೆಲ್ ಅಗಲದಲ್ಲಿ ಹೆಸರು ಬರೀ ಗೀಟಾಗಿ ಕಾಣುತ್ತದೆ, ಚಿಹ್ನೆಯೊಂದೇ ಸಾಕು.