ಚಾರ್ಜ್ ಆಗುತ್ತೆ, ಫೋಟೋ ಮಾತ್ರ ಬರಲ್ಲ!

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಚಾರ್ಜ್ ಏನೋ ಆಗುತ್ತೆ, ಆದ್ರೆ ಸ್ಕ್ರೀನಲ್ಲಿ ಫೋನ್ ಹೆಸರೇ ಕಾಣಲ್ಲ. ಹಳೇ ಕೇಬಲ್ ಇದ್ದಾಗ ಬರ್ತಿತ್ತು, ಈಗ ಹೊಸದು. ಫೋಟೋಗಳನ್ನೆಲ್ಲ ಕಾಪಿ ಮಾಡ್ಕೋಬೇಕಿತ್ತು, ಫೋನ್ ಪೋರ್ಟೇ ಹೋಯ್ತಾ ಸಾರ್?

ಉತ್ತರ: ಪೋರ್ಟ್ ಹೋಗಿರೋದು ಡೌಟು, ನನ್ನ ಅನುಮಾನ ಎಲ್ಲಾ ಆ ಹೊಸ ಕೇಬಲ್ ಮೇಲೇನೇ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ಕರೆಂಟಿಗೆ 2 ವೈರು, ಡೇಟಾಗೆ 2 ವೈರು ಇರುತ್ತೆ, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಆ ಡೇಟಾ ವೈರೇ ಹಾಕಿರಲ್ಲ, ಹೊರಗಡೆಯಿಂದ ನೋಡಿದ್ರೆ ಏನೂ ಗೊತ್ತಾಗಲ್ಲ ಬಿಡಿ. ಹಳೇದನ್ನ ಬಿಸಾಕಿಲ್ಲ ಅಂದ್ರೆ ಅದನ್ನೇ ಹಾಕಿ ನೋಡಿ, ಹಬ್ ಗಿಬ್ ಬೇಡ, ನೇರ ಲ್ಯಾಪ್‌ಟಾಪ್ ಪೋರ್ಟಿಗೇ ಚುಚ್ಚಿ.

ಆಮೇಲೆ ಫೋನ್ ಲಾಕ್ ತೆಗೆದು ಮೇಲಿಂದ ನೋಟಿಫಿಕೇಶನ್ ಎಳೀರಿ, ಅಲ್ಲಿ ಯುಎಸ್‌ಬಿ ಚಾರ್ಜಿಂಗ್ ಅಂತ ಏನೋ ಬಂದಿರುತ್ತೆ, ಅದನ್ನ ಒತ್ತಿ ಫೈಲ್ ಟ್ರಾನ್ಸ್‌ಫರ್ ಆರಿಸ್ಕೊಳ್ಳಿ. ಸೆಕ್ಯುರಿಟಿ ಕಾರಣಕ್ಕೆ ಆಂಡ್ರಾಯ್ಡ್ ತಾನಾಗೇ ಫೈಲ್ ತೋರ್ಸಲ್ಲ, ನಾವೇ ಹೇಳ್ಬೇಕು (ಒಳ್ಳೇದೇ, ಇಲ್ಲಾಂದ್ರೆ ಸಿಕ್ಕಸಿಕ್ಕ ಕಂಪ್ಯೂಟರಿಗೆಲ್ಲ ನಮ್ಮ ಫೋಟೋ ಕಾಣ್ತಿತ್ತು). ಹಳೇ ಕೇಬಲ್ಲಲ್ಲಿ ಆ ನೋಟಿಫಿಕೇಶನ್ ಬಂದು ಹೊಸದ್ರಲ್ಲಿ ಬರ್ಲಿಲ್ವಾ, ಹಾಗಾದ್ರೆ ಹೊಸ ಕೇಬಲ್ಲೇ ಕಳ್ಳ ಅನ್ನೋದು ಹೆಚ್ಚುಕಮ್ಮಿ ಖಾತ್ರಿ.

ಕೇಬಲ್ ಬದಲಾಯಿಸಿದ್ರೂ ಹಂಗೇ ಇದ್ರೆ ಫೋನ್ ಆಫ್ ಮಾಡಿ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಜೇಬಿನ ನೂಲು-ಧೂಳು ಗಟ್ಟಿಯಾಗಿ ಕೂತಿದ್ರೆ ಮರದ ಟೂತ್‌ಪಿಕ್ಕಲ್ಲಿ ಮೆಲ್ಲಗೆ ತೆಗೀರಿ, ಪಿನ್ನು ಸೂಜಿ ಮಾತ್ರ ಬೇಡ.